ದೊಡ್ಡ ಬುದ್ಧಿಯವರ ಕಾರು

ಕಪಿಲೆಯ ನೀರು ಇಳಿದು ನಾಲ್ಕು ದಿನವಾದ ಮೇಲೆ ಆಶ್ರಮದ ಶೆಡ್ಡಿನ ಬಾಗಿಲು ತೆಗೆಯಲಿಕ್ಕೆ ಬಂತು.

ಬಾಗಿಲಿಗೆ ಒತ್ತಿಕೊಂಡು ಮೊಳಕಾಲುದ್ದ ಕೆಸರು ಕೂತಿತ್ತು. ಶಿಷ್ಯ ಕರಿಬಸವಯ್ಯ ಗುದ್ದಲಿ ಹಿಡಿದು ಬೆಳಗಿನಿಂದ ಬಗೆದ. ಮಧ್ಯಾಹ್ನದ ಹೊತ್ತಿಗೆ ಒಂದು ಕದ ತೆರೆಯಿತು.

ಒಳಗೆ ಕಾರು ನಿಂತಿತ್ತು. ಕಪ್ಪು ಬಣ್ಣದ ಹಳೆಯ ಆಸ್ಟಿನ್. ಈಗ ಬಣ್ಣ ಕಾಣುತ್ತಿರಲಿಲ್ಲ. ಕಿಟಕಿಯ ಗಾಜಿನ ಅರ್ಧಕ್ಕೆ ನೀರು ನಿಂತಿದ್ದ ಗೆರೆ ಮಾತ್ರ ಕಾಣುತ್ತಿತ್ತು.

ಅದು ಆಶ್ರಮದ ಹಿಂದಿನ ಗುರುಗಳ ಕಾರು. ಸುತ್ತಲ ಹಳ್ಳಿಯವರು ಅವರನ್ನು ದೊಡ್ಡ ಬುದ್ಧಿಯವರು ಎನ್ನುತ್ತಿದ್ದರು. ಕರಿಬಸವಯ್ಯ ಹತ್ತೊಂಬತ್ತು ವರ್ಷ ಅವರ ಕಾರು ಓಡಿಸಿದವನು. ಅವರು ಲಿಂಗೈಕ್ಯರಾಗಿ ಹನ್ನೊಂದು ವರ್ಷವಾಗಿತ್ತು. ಅಂದಿನಿಂದ ಕಾರು ಶೆಡ್ಡಿನಿಂದ ಈಚೆಗೆ ಬಂದಿರಲಿಲ್ಲ.

ಹಿಂದಿನ ಸೀಟಿನ ಮೇಲೆ ದೊಡ್ಡ ಬುದ್ಧಿಯವರ ಮರದ ಹಾವುಗೆಗಳನ್ನು ಇಟ್ಟು, ಕರಿಬಸವಯ್ಯ ದಿನಕ್ಕೆರಡು ಹೊತ್ತು ಆ ಕಾರಿಗೆ ಪೂಜೆ ಮಾಡುತ್ತಿದ್ದ. ಹೊಳೆ ಏರಿದಾಗ ಹಾವುಗೆಗಳನ್ನು ತಲೆಯ ಮೇಲಿಟ್ಟುಕೊಂಡು ಗುಡ್ಡ ಹತ್ತಿದ. ಕಾರನ್ನು ತಳ್ಳಲಿಕ್ಕೆ ಆಗಲಿಲ್ಲ. ಚಕ್ರಗಳ ಗಾಳಿ ಹೋಗಿ ಎಷ್ಟೋ ಕಾಲವಾಗಿತ್ತು.

ಈಗಿನ ಗುರುಗಳು ನಿರ್ವಾಣಸ್ವಾಮಿಗಳು. ಅವರು ಪೊರಕೆ ಹಿಡಿದುಕೊಂಡೇ ಶೆಡ್ಡಿಗೆ ಬಂದರು. ಬೆಳಗಿನಿಂದ ಅಡುಗೆಮನೆಯ ಕೆಸರು ತೊಳೆದಿದ್ದರು. ಕಾವಿ ಬಟ್ಟೆ ಮಂಡಿಯವರೆಗೂ ಮಣ್ಣಾಗಿತ್ತು.

“ಬುದ್ಧಿ, ಮತ್ತೆ ಮೊದಲಿನ ಹಾಗೆ ಆಗುತ್ತಾ?” ಎಂದು ಕರಿಬಸವಯ್ಯ ಕೇಳಿದ.

“ಯಾವ ಮೊದಲು?”

“ನೀರು ಬರೋಕೆ ಮುಂಚೆ ಇದ್ದ ಹಾಗೆ.”

“ಅದಕ್ಕೂ ಮುಂಚೆ ಹೇಗಿತ್ತು?”

ಕರಿಬಸವಯ್ಯ ಗುದ್ದಲಿಗೆ ಅಂಟಿದ್ದ ಕೆಸರನ್ನು ಕಾಲಿನಿಂದ ಕೆರೆದ.

“ಓಡ್ತಿತ್ತು ಬುದ್ಧಿ.”

ಗುರುಗಳು ಪೊರಕೆಯನ್ನು ಕದಕ್ಕೆ ಒರಗಿಸಿ ಸೊಂಟ ಹಿಡಿದುಕೊಂಡರು.

“ನಾಳೆ ನೋಡೋಣ ಕಣಯ್ಯ. ಇವತ್ತು ನನ್ನ ಕೈಲಿ ಯಾವ ಯೋಚನೇನೂ ಆಗೋಲ್ಲ.”

ಮಾರನೆಯ ದಿನ ಮೈಸೂರಿನಿಂದ ಒಬ್ಬ ಭಕ್ತರು ಬಂದರು. ಕಾರನ್ನು ನೋಡಿ ಕಣ್ಣೊರೆಸಿಕೊಂಡರು. ಎಷ್ಟೇ ಖರ್ಚಾಗಲಿ ಅದು ತಮ್ಮ ಸೇವೆ ಎಂದರು. ಹಳೆಯ ಕಾರುಗಳನ್ನು ಬಲ್ಲ ಖಲಂದರ್ ಸಾಬರನ್ನು ಕಳಿಸುತ್ತೇನೆ, ಅವರು ನೋಡಲಿ, ಆಮೇಲೆ ಗುರುಗಳ ಅಪ್ಪಣೆಯಾದಂತೆ ಆಗಲಿ ಎಂದು ಹೇಳಿ ಹೋದರು.

ಅವರು ಹೋದ ಮೇಲೆ ಗುರುಗಳು ಕರಿಬಸವಯ್ಯನನ್ನು ಕರೆದರು.

“ಅಪ್ಪಣೆ ನಾನು ಕೊಡೋದಿಲ್ಲ. ಸರಿ ಮಾಡಿಸೋದೋ ಬಿಡೋದೋ ನೀನೇ ಹೇಳಬೇಕು.”

“ನಾನಾ? ನಾನು ಯಾರು ಬುದ್ಧಿ?”

“ಓಡಿಸಿದೋನು.”

“ತಾವಿರುವಾಗ…”

“ನಾನು ಆ ಕಾರಿನಲ್ಲಿ ಒಂದು ದಿನವೂ ಕೂತಿಲ್ಲ. ಬಸ್ಸಿನೋನು ನಾನು. ನನ್ನನ್ನ ಕೇಳಿದರೆ ಏನು ಬಂತು?”

ಅದು ನಿಜ. ನಿರ್ವಾಣಸ್ವಾಮಿಗಳು ಎಲ್ಲಿಗೆ ಹೋಗಬೇಕಾದರೂ ಬಸ್ಸಿಗೆ ಹೋಗುತ್ತಿದ್ದರು. ಸೀಟು ಸಿಕ್ಕರೆ ಕೂರುವರು, ಇಲ್ಲದಿದ್ದರೆ ಕಂಬಿ ಹಿಡಿದು ನಿಲ್ಲುವರು. ಎರಡು ವರ್ಷದಿಂದ ಮಂಡಿನೋವು ಬಂದಿತ್ತು. ಆದರೂ ಹಾಗೇ ಹೋಗುತ್ತಿದ್ದರು.

“ಹೇಳೋದಕ್ಕೇನಿದೆ ಬುದ್ಧಿ? ಸರಿ ಮಾಡಿಸಲೇಬೇಕು. ದೊಡ್ಡ ಬುದ್ಧಿಯವರ ಕಾರು.”

“ಅಷ್ಟು ಬೇಗ ಹೇಳಬೇಡ. ಮೊದಲು ಒಂದು ಕೆಲಸ ಮಾಡು. ಅದರಲ್ಲಿ ಕಾರು ಯಾವುದೋ ಅಷ್ಟನ್ನು ಬಿಟ್ಟು ಮಿಕ್ಕಿದ್ದನ್ನೆಲ್ಲ ಆಚೆಗೆ ತೆಗಿ.”

“ಕೆಸರು ತಾನೇ?”

“ಕೆಸರೂ ತೆಗಿ.”

ಕರಿಬಸವಯ್ಯ ಎರಡು ದಿನ ತೆಗೆದ.

ಕೆಸರು ಹೋದ ಮೇಲೂ ಕೈಗೆ ಏನೇನೋ ಸಿಕ್ಕುತ್ತಿತ್ತು. ಬಾನೆಟ್ಟಿಗೂ ಮುಂದಿನ ಗಾಜಿಗೂ ನಡುವೆ ಇದ್ದ ಸಂದಿಯಲ್ಲಿ ಕೊಳೆತ ಹೂವು. ಮಲ್ಲಿಗೆಯೋ ಸೇವಂತಿಗೆಯೋ ಗುರುತು ಹತ್ತದ ಕಪ್ಪು ಮುದ್ದೆ. ಅದರೊಳಗೆ ಹಾರದ ದಾರಗಳು. ಮಡ್‌ಗಾರ್ಡಿನ ಮಡಿಕೆಯಲ್ಲಿ ಕಲ್ಲಿನಂತೆ ಗಟ್ಟಿಯಾದ ವಿಭೂತಿ. ದೀಪದ ಗಾಜಿನ ಸುತ್ತ ಕುಂಕುಮದ ಹಕ್ಕಳೆ. ಬಂಪರಿನ ಹಿಂದೆ ತೆಂಗಿನ ನಾರು, ಕರಟದ ಚೂರು, ಊದುಬತ್ತಿಯ ಕಡ್ಡಿಗಳು.

ಮಂಕರಿ ತುಂಬಿದಾಗಲೆಲ್ಲ ಅಡುಗೆಯ ಶಿವಮಲ್ಲಮ್ಮ ಬಂದು ಎತ್ತಿಕೊಂಡು ಹೋಗಿ ಸುರಿದು ಬರುತ್ತಿದ್ದಳು. ಮೂರನೆಯ ಮಂಕರಿಗೆ ಅವಳ ತಾಳ್ಮೆ ಹೋಯಿತು.

“ಇದೇನು ಕಾರೋ ತಿಪ್ಪೆಯೋ ಕರಿಬಸಣ್ಣ?”

“ನೋಡ್ಕೊಂಡು ಮಾತಾಡು. ಪೂಜೆ ಹೂವು ಅದು.”

“ಪೂಜೆ ಹೂವಾದ್ರೆ ಹೊಳೆಗೆ ಬಿಡಬೇಕಿತ್ತು. ನೀನು ತಗೊಂಡೋಗಿ ಕಾರಿನ ಬಾಯಿಗೆ ತುರುಕಿದ್ದೀಯ.”

“ತುರುಕಿಲ್ಲ ಕಣಮ್ಮ. ಅದಾಗದೇ ಜಾರಿದೆ.”

“ಹನ್ನೊಂದು ವರ್ಷವೂ ಜಾರ್ತಾನೇ ಇತ್ತಾ? ನೀನೆಲ್ಲಿ ನೋಡ್ತಿದ್ದೆ?”

“ನಾನು ಕಣ್ಣು ಮುಚ್ಕೊಂಡು ಪೂಜೆ ಮಾಡ್ತಿದ್ದೆ.”

“ಅದನ್ನೇ ಕಣಣ್ಣ ನಾನೂ ಹೇಳಿದ್ದು,” ಎಂದು ಶಿವಮಲ್ಲಮ್ಮ ಮಂಕರಿ ಎತ್ತಿಕೊಂಡಳು.

ಒಟ್ಟು ನಾಲ್ಕು ಮಂಕರಿಯಾಯಿತು. ಗುರುಗಳು ಬಂದು ನೋಡಿದರು. ಬರಿಯ ಕಾರು ನಿಂತಿತ್ತು. ಹಾಗೆ ಬರಿದಾಗಿ ನಿಂತಿದ್ದನ್ನು ನೋಡಲಿಕ್ಕೆ ಕರಿಬಸವಯ್ಯನಿಗೆ ಏನೋ ಸಂಕೋಚವಾಯಿತು.

“ಇಷ್ಟೂ ಕಾರಲ್ಲ ಅಂತ ಆಯಿತು.”

“ಹೌದು ಬುದ್ಧಿ.”

“ಇನ್ನೇನಾದರೂ ಮಿಕ್ಕಿದೆಯಾ?”

“ಏನೂ ಇಲ್ಲ ಬುದ್ಧಿ. ಉಗುರಿನಲ್ಲಿ ಕೆರೆದಿದ್ದೀನಿ.”

ಗುರುಗಳು ಅವನ ಮುಖವನ್ನು ನೋಡಿದರು. ಕಾರನ್ನು ನೋಡಲಿಲ್ಲ.

“ಇರಬಹುದು. ಹುಡುಕು.”

ಮೂರನೆಯ ದಿನ ಹತ್ತು ಗಂಟೆಯ ಹೊತ್ತಿಗೆ ಖಲಂದರ್ ಸಾಬರು ಲಾರಿ ಹೊಡೆಸಿಕೊಂಡು ಬಂದರು. ಎಪ್ಪತ್ತರ ಹತ್ತಿರದ ವಯಸ್ಸು. ಚಪ್ಪಲಿಯನ್ನು ದೂರದಲ್ಲೇ ಬಿಟ್ಟು ಗುರುಗಳಿಗೆ ಕೈಮುಗಿದರು.

“ಲಾರಿ ಸಂಜೆಯೊಳಗೆ ವಾಪಸ್ ಕೊಡಬೇಕು ಸ್ವಾಮಿ. ಆದ್ದರಿಂದ ಇವತ್ತೇ ನೋಡಿ, ಇವತ್ತೇ ಒಂದು ತೀರ್ಮಾನ ಆಗಿಬಿಟ್ಟರೆ ಒಳ್ಳೇದು.”

“ತೀರ್ಮಾನ ಇವನದು,” ಎಂದು ಗುರುಗಳು ಕರಿಬಸವಯ್ಯನನ್ನು ತೋರಿಸಿದರು.

ಖಲಂದರ್ ಸಾಬರು ಮೊದಲು ಕಾರನ್ನು ಒಂದು ಸುತ್ತು ಬಂದರು. ಏನನ್ನೂ ಮುಟ್ಟಲಿಲ್ಲ. ಎರಡನೆಯ ಸುತ್ತಿನಲ್ಲಿ ಬೆರಳ ಗೆಣ್ಣಿನಿಂದ ತಗಡನ್ನು ತಟ್ಟುತ್ತ, ತಲೆ ವಾಲಿಸಿ ಕೇಳುತ್ತ ಬಂದರು. ಡಿಕ್ಕಿಯ ಹತ್ತಿರ ಟಣ್ ಎಂದಿತು. ಹಿಂದಿನ ಬಾಗಿಲೂ ಟಣ್ ಎಂದಿತು. ಮುಂದಿನ ಬಾಗಿಲಿಗೆ ಬಂದಾಗ ಸದ್ದು ಇಳಿಯಿತು. ಬಾನೆಟ್ಟಿನ ಮೇಲೆ ತಟ್ಟಿದಾಗ ನೆಂದ ರಟ್ಟನ್ನು ತಟ್ಟಿದ ಹಾಗಾಯಿತು.

ಅವರು ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದು ಗಾಜಿನ ಬುಡದಲ್ಲಿ ಮೆಲ್ಲಗೆ ಒತ್ತಿದರು. ಅದು ಹಿಡಿಯವರೆಗೂ ಒಳಗೆ ಹೋಯಿತು.

ಕರಿಬಸವಯ್ಯ ತನ್ನ ಮೈಗೇ ಚುಚ್ಚಿದಂತೆ ಹಿಂದೆ ಸರಿದ.

“ಇಂಜಿನ್ನು ಇಳಿಸಿ ತೊಳೆದರೆ ಬದುಕುತ್ತೆ,” ಎಂದರು ಸಾಬರು. “ಗೇರ್ ಬಾಕ್ಸು ಬಂಗಾರದ ಹಾಗಿದೆ. ಹಿಂದಿನ ಅರ್ಧಕ್ಕೆ ಏನೂ ಆಗಿಲ್ಲ. ಆದರೆ ಮುಂದಿನ ಅರ್ಧ ಇಲ್ಲ.”

“ಇಲ್ಲ ಅಂದರೆ? ಕಣ್ಣೆದುರಿಗೇ ಇದೆಯಲ್ಲ ಸಾಬ್ರೇ.”

“ಬಣ್ಣ ಇದೆ ಅಯ್ಯನೋರೇ. ಬಣ್ಣದ ಕೆಳಗೆ ತಗಡಿಲ್ಲ.”

“ಎಲ್ಲಾ ಈ ಹಾಳು ಹೊಳೆಯಿಂದ.”

ಸಾಬರು ಸ್ಕ್ರೂಡ್ರೈವರನ್ನು ಪಂಚೆಯ ಅಂಚಿಗೆ ಒರೆಸಿದರು. ಗುರುಗಳ ಕಡೆ ನೋಡಿದರು. ಮತ್ತೆ ಒರೆಸಿದರು.

“ಏನೋ ಹೇಳಬೇಕು ಅಂತಿದ್ದೀರಿ. ಹೇಳಿ,” ಎಂದರು ಗುರುಗಳು.

“ದೇವರ ವಿಷಯ ಸ್ವಾಮಿ. ನಾನು ಹೇಳಬಾರದು. ಬೇಜಾರಾಗುತ್ತೆ.”

“ಬೇಜಾರು ಮಾಡಿಕೊಳ್ಳೋದು ಇವನ ಕೆಲಸ. ತಗಡಿನ ವಿಷಯ ಹೇಳೋದು ನಿಮ್ಮ ಕೆಲಸ. ಹೇಳಿ.”

“ಹೊಳೆ ನೀರು ಹೊಕ್ಕರೆ ಹಿಂದೆ ಮುಂದೆ ಎಲ್ಲಾ ಕಡೆಯೂ ಒಂದೇ ಸಮ ಹಿಡಿಯಬೇಕು. ಅದೂ ಮೂರೇ ದಿನದಲ್ಲಿ ಹೀಗಾಗಲ್ಲ. ಇದು ಹಳೇ ತುಕ್ಕು. ನೀರು ಬೀಳುತ್ತಾ ಬಂದಿದೆ. ಎಳನೀರು ಬಿದ್ದಿದೆ. ಹೂವು ನೆಂದು ನೆಂದು ಇಲ್ಲೇ ಕೂತಿದೆ. ಅಯ್ಯನೋರೇ, ಹೊಳೆ ಬಂದು ಮೂರು ದಿನ ಇತ್ತು. ನೀವು ಹನ್ನೊಂದು ವರ್ಷ ಹುಯ್ದಿದ್ದೀರಿ.”



“ಅಭಿಷೇಕ ಅದು,” ಎಂದ ಕರಿಬಸವಯ್ಯ.

“ಇರಬಹುದು. ತಗಡಿಗೆ ಅದು ಗೊತ್ತಾಗಲ್ಲವಲ್ಲ.”

ಕರಿಬಸವಯ್ಯ ಗೋಡೆಯ ಪಕ್ಕದ ಕಲ್ಲಿನ ಮೇಲೆ ಕೂತುಬಿಟ್ಟ. ಅರವತ್ತು ದಾಟಿದ ಮನುಷ್ಯ. ಒಂದು ವಾರದ ಕೆಲಸಕ್ಕೆ ಕೈಗಳಲ್ಲಿ ಬೊಬ್ಬೆ ಎದ್ದಿದ್ದವು. ಆ ಕೈಗಳನ್ನೇ ನೋಡುತ್ತ ಕೂತ.

ಸ್ವಲ್ಪ ಹೊತ್ತಿನ ಮೇಲೆ ತಲೆಯೆತ್ತಿದ.

“ಆದರೂ ಮಾಡಬಹುದು ತಾನೇ ಸಾಬ್ರೇ?”

“ಮಾಡಬಹುದು. ಹೊಸ ತಗಡು ಕೊಯ್ದು, ಬಡಿದು, ಬೆಸುಗೆ ಹಾಕಿದರೆ ಯಾರಿಗೂ ಗೊತ್ತಾಗದ ಹಾಗೆ ಮಾಡ್ತೀನಿ. ಒಂದು ವರ್ಷ ಹಿಡಿಯುತ್ತೆ. ಆದರೆ ನಾನೊಂದು ಮಾತು ಕೇಳ್ತೀನಿ. ಇದನ್ನ ಓಡಿಸ್ತೀರಾ, ನಿಲ್ಲಿಸ್ತೀರಾ?”

“ಓಡಿಸೋದೆಲ್ಲಿ ಬಂತು? ದೊಡ್ಡ ಬುದ್ಧಿಯವರೇ ಇಲ್ಲ.”

“ಹಾಗಾದರೆ ನಾನು ಮಾಡಲ್ಲ.”

“ಯಾಕೆ?”

“ಇಂಥವು ಮೂರು ಮಾಡಿಕೊಟ್ಟೆ. ಮೂರೂ ನಿಂತಲ್ಲೇ ನಿಂತು ಕೊಳೆತು ನನ್ನ ಬಾಗಿಲಿಗೇ ವಾಪಸ್ ಬಂದವು. ನನ್ನ ಕೈಯೂ ಸೋತಿದೆ ಅಯ್ಯನೋರೇ. ಕಾರು ಅಂದರೆ ಎಣ್ಣೆ ತಿರುಗಬೇಕು, ಚಕ್ರ ತಿರುಗಬೇಕು. ಓಡಿಸ್ತೀನಿ ಅಂತ ಹೇಳಿ, ಇವತ್ತೇ ಎತ್ತಿಕೊಂಡು ಹೋಗಿ ಕೆಲಸ ಹಿಡೀತೀನಿ. ಇಲ್ಲವಾದರೆ ಬಿಚ್ಚೋಕೆ ಬಿಡಿ. ಈ ಜಾತಿಯ ಕಾರು ಇನ್ನೂ ಐದಾರು ಈ ಕಡೆ ಓಡ್ತಿವೆ. ಒಬ್ಬರಿಗೆ ಗೇರ್ ಬಾಕ್ಸಿಲ್ಲ, ಒಬ್ಬರಿಗೆ ಹಿಂದಿನ ಬಾಗಿಲಿಲ್ಲ. ಎರಡು ವರ್ಷದಿಂದ ಕಾಯ್ತಿದ್ದಾರೆ.”

ಕರಿಬಸವಯ್ಯ ಎದ್ದು ನಿಂತ.

“ದೊಡ್ಡ ಬುದ್ಧಿಯವರ ಕಾರನ್ನ ಕುರಿ ಕೊಯ್ದ ಹಾಗೆ ಕೊಯ್ದು ಹಂಚ್ತೀರಾ?”

“ಕೊಯ್ಯೋದಲ್ಲ. ಬಿಚ್ಚೋದು.”

“ಎರಡೂ ಒಂದೇ.”

“ಒಂದೇ ಅಲ್ಲ ಅಯ್ಯನೋರೇ. ಬಿಚ್ಚಿದ್ದು ಇನ್ನೊಂದರಲ್ಲಿ ಕೂತು ಓಡುತ್ತೆ.”

ಮಾತು ಬೆಳೆಯುವುದರಲ್ಲಿತ್ತು. ಶಿವಮಲ್ಲಮ್ಮ ಬಾಗಿಲಲ್ಲಿ ನಿಂತು, ಊಟಕ್ಕೆ ಏಳಿ ಸಾಬ್ರೇ, ಬಿಸಿ ಆರುತ್ತೆ ಎಂದಳು. ಖಲಂದರ್ ಸಾಬರು ಹೋದರು. ಲಾರಿಯ ಡ್ರೈವರೂ ಹೋದ.

ಶೆಡ್ಡಿನಲ್ಲಿ ಗುರುಗಳು ಮತ್ತು ಕರಿಬಸವಯ್ಯ ಇಬ್ಬರೇ ಉಳಿದರು.

“ಬುದ್ಧಿ, ನಾನು ಮಾಡಿದ ಪೂಜೆ ತಪ್ಪಾ?”

“ತಗಡಿನ ಮೇಲೆ ನೀರು ಹುಯ್ಯಬಾರದು ಅಂತ ಸಾಬರು ಹೇಳಿದರಲ್ಲ. ಅವರಿಗೆ ಗೊತ್ತಿರುತ್ತೆ.”

“ನಾನು ಕೇಳಿದ್ದು ಅದಲ್ಲ.”

“ನನಗೆ ಗೊತ್ತಿರೋದು ಇಷ್ಟು ಕರಿಬಸವಯ್ಯ. ದಿನಕ್ಕೆ ಎರಡು ಸಲ ಒಬ್ಬ ಇನ್ನೊಬ್ಬರ ಕಾಲಿಗೆ ಬೀಳ್ತಾನೆ ಅಂದರೆ, ಅದೂ ಹನ್ನೊಂದು ವರ್ಷ, ಏನೋ ನಡೆದಿರಬೇಕು. ಏನು ನಡೀತು?”

ಕರಿಬಸವಯ್ಯ ಹೆಗಲ ಟವೆಲಿನಿಂದ ಕಾರಿನ ದೀಪದ ಗಾಜು ಒರೆಸತೊಡಗಿದ.

ಗುರುಗಳು ಕಾರಿನ ಹಿಂದಿನ ಬಾಗಿಲು ತೆಗೆದರು. ಹಾವುಗೆಗಳಿದ್ದ ಸೀಟು ನೆಂದು ಹರಿದು, ಸ್ಪ್ರಿಂಗು ಮೇಲಕ್ಕೆ ಬಂದಿತ್ತು. ಅವರು ಹೆಗಲ ಮೇಲಿನ ವಸ್ತ್ರವನ್ನು ಅದರ ಮೇಲೆ ಹಾಸಿ ಒಳಗೆ ಕೂತರು.

“ಬುದ್ಧಿ!” ಎಂದು ಕರಿಬಸವಯ್ಯ ಕೂಗಿಬಿಟ್ಟ. “ಅದು ದೊಡ್ಡ ಬುದ್ಧಿಯವರ ಜಾಗ. ಅಲ್ಲಿ ಯಾರೂ ಕೂತಿಲ್ಲ.”

“ಮಂಡಿ ನೋಯ್ತಿದೆ ಕಣಯ್ಯ. ಕೂತೆ. ನೀನೂ ಹತ್ತು.”

“ಎಲ್ಲಿಗೆ?”

“ನಿನ್ನ ಜಾಗಕ್ಕೆ.”

ಕರಿಬಸವಯ್ಯ ನಿಂತೇ ಇದ್ದ. ಗುರುಗಳು ಕಣ್ಣು ಮುಚ್ಚಿಕೊಂಡು ಸೀಟಿಗೆ ಒರಗಿದರು. ಕರೆಯಲಿಲ್ಲ, ಗದರಿಸಲಿಲ್ಲ. ಕಾದರು.

ಕೊನೆಗೆ ಅವನು ಮುಂದಿನ ಬಾಗಿಲು ಎಳೆದು ಹತ್ತಿದ. ಸ್ಟೇರಿಂಗಿನ ಹಿಂದೆ ಕೂತು ಬಾಗಿಲು ಹಾಕಿಕೊಂಡ. ಕೈಗಳು ತಾವಾಗಿಯೇ ಹಿಂದೆ ಇದ್ದ ಜಾಗಕ್ಕೆ ಹೋದವು. ಎದುರಿಗೆ ಕೆಸರು ಒಣಗಿದ ಗಾಜು. ಅದರಾಚೆ ಶೆಡ್ಡಿನ ಗೋಡೆ.

“ಆವತ್ತು ಎಷ್ಟು ಹೊತ್ತಿಗೆ ಹೊರಟೆ?” ಎಂದು ಹಿಂದಿನಿಂದ ಗುರುಗಳು ಕೇಳಿದರು.

ಯಾವತ್ತು ಎಂದು ಕರಿಬಸವಯ್ಯ ಕೇಳಲಿಲ್ಲ.

“ಬೆಳಿಗ್ಗೆ ಪೂಜೆ ಆಗಿತ್ತು ಬುದ್ಧಿ. ದೊಡ್ಡ ಬುದ್ಧಿಯವರು ಎದೆನೋವು ಅಂದರು. ತಾವೇ ಕೈಹಿಡಿದು ಕೂರಿಸಿದಿರಿ.”

“ಹೂಂ.”

“ದೊಡ್ಡ ರಸ್ತೆಗೆ ಬಂದಾಗ ಒಂದು ಸಲ ಕೆಮ್ಮಿದರು. ಕನ್ನಡೀಲಿ ನೋಡಿದೆ. ಚೆನ್ನಾಗೇ ಕೂತಿದ್ದರು.”

ಕಾರು ಓಡಿಸುವವರು ಹಿಂದೆ ತಿರುಗಿ ಮಾತಾಡುವುದಿಲ್ಲ. ಕರಿಬಸವಯ್ಯನೂ ತಿರುಗಲಿಲ್ಲ. ಗಾಜಿನ ಕಡೆಗೆ ನೋಡುತ್ತಲೇ ಹೇಳಿದ.

“‘ತಿರುಗಿಸಪ್ಪ’ ಅಂದರು.”

“ಎಲ್ಲಿಗೆ?”

“ಆಶ್ರಮಕ್ಕೆ. ‘ಆಸ್ಪತ್ರೆ ಬೇಡ, ಹೊಳೆ ದಂಡೇಲಿ ಇರ್ತೀನಿ, ತಿರುಗಿಸು’ ಅಂದರು. ನನಗೆ ಕೇಳಿಸ್ತು ಬುದ್ಧಿ. ಸ್ಪಷ್ಟವಾಗಿ ಕೇಳಿಸ್ತು. ಕೇಳಿಸದೋನ ಹಾಗೆ ಇದ್ದುಬಿಟ್ಟೆ.”

“ಆಮೇಲೆ?”

“ಇನ್ನೊಂದು ಸಲ ಅಂದರು. ನಾನು ಆಕ್ಸಿಲರೇಟರ್ ತುಳಿದೆ. ಸದ್ದು ಜಾಸ್ತಿಯಾಗಲಿ ಅಂತ. ಸದ್ದಿಗೆ ಕೇಳಿಸಲಿಲ್ಲ ಅಂತ ಅವರು ತಿಳ್ಕೊಳ್ಳಲಿ ಅಂತ.”

ಅವನ ಹೆಬ್ಬೆರಳು ಸ್ಟೇರಿಂಗಿನ ಮೇಲಿನ ಮಣ್ಣನ್ನು ಉಜ್ಜುತ್ತಿತ್ತು.

“ರೈಲ್ವೆ ಗೇಟು ಹಾಕಿತ್ತು. ಗೂಡ್ಸ್ ಬಂಡಿ. ಮುಗಿಯಲೇ ಇಲ್ಲ ಅದು. ಕನ್ನಡೀಲಿ ನೋಡಿದೆ. ಕತ್ತು ವಾಲಿತ್ತು. ಸುತ್ತ ಲಾರಿಗಳು. ಯಾರೋ ಕಡ್ಲೆಕಾಯಿ ಬೇಕಾ ಅಂತ ಕಿಟಕಿ ತಟ್ಟುತ್ತಾ ಇದ್ದ. ಅಂಥ ಜಾಗದಲ್ಲಿ ಹೋದರು ಬುದ್ಧಿ ಅವರು. ಹೊಳೆ ದಂಡೇಲಿ ಹೋಗಬೇಕಾದೋರು. ಹತ್ತೊಂಬತ್ತು ವರ್ಷ ಅವರ ಮಾತು ಮೀರಿರಲಿಲ್ಲ. ಕಡೇದು ಮೀರಿದೆ.”

ಹೊರಗೆ ಊಟದ ತಟ್ಟೆಗಳ ಸದ್ದು ಕೇಳುತ್ತಿತ್ತು. ಖಲಂದರ್ ಸಾಬರು ಏನೋ ಹೇಳಿದರು. ಶಿವಮಲ್ಲಮ್ಮ ನಕ್ಕಳು.

“ಇದನ್ನ ಯಾರಿಗೂ ಹೇಳಿರಲಿಲ್ಲವಾ?”

“ಯಾರಿಗೆ ಹೇಳಲಿ? ಅವರ ಹಾವುಗೆಗೇ ಹೇಳ್ತಿದ್ದೆ. ದಿನಾ. ಮೊದಲಿನ ಹಾಗೆ ಇದನ್ನ ನಿಲ್ಲಿಸಿಬಿಟ್ಟರೆ, ಒಂದು ಗೀರೂ ಇಲ್ಲದ ಹಾಗೆ…”

“ಕರಿಬಸವಯ್ಯ.”

“ಬುದ್ಧಿ.”

“‘ಆಸ್ಪತ್ರೆಗೆ ಹೋಗು, ಎಲ್ಲೂ ನಿಲ್ಲಿಸಬೇಡ’ ಅಂತ ನಿನಗೆ ಹೇಳಿದ್ದು ಯಾರು?”

“ತಾವು.”

“ನಾನು ಅವರನ್ನ ಕೂರಿಸುವಾಗ ಅವರು ನನಗೂ ಹೇಳಿದ್ದರು, ಎಲ್ಲಿಗೂ ಬೇಡ ಅಂತ. ನಾನು ಕೇಳಿಸದೋನ ಹಾಗೆ ಬಾಗಿಲು ಹಾಕಿದೆ.”

ಕರಿಬಸವಯ್ಯ ಮೊದಲ ಸಲ ಹಿಂದಕ್ಕೆ ತಿರುಗಿದ. ಗುರುಗಳು ಕಣ್ಣು ಬಿಟ್ಟಿದ್ದರು. ತುಂಬ ದಣಿದ ಮುಖ.

“ಮುಂದೆ ನೋಡು,” ಎಂದರು ಗುರುಗಳು. “ಎರಡು ಸಲ ತಿರುಗಿಸು ಅಂದರು. ಅದಾದ ಮೇಲೆ?”

“ಅದಾದ ಮೇಲೆ ಗೇಟು ಬಂತು.”

“ಗೇಟಿಗೆ ಮುಂಚೆ.”

“ಏನೂ ಇಲ್ಲ ಬುದ್ಧಿ.”

“ದೊಡ್ಡ ರಸ್ತೆಯಿಂದ ಗೇಟಿಗೆ ಎರಡು ಮೈಲಿ. ಮತ್ತೇನೂ ಅನ್ನಲಿಲ್ಲವಾ?”

“ಅಂಥ ಮಾತೇನೂ ಇಲ್ಲ.”

“ಎಂಥದಾದರೂ ಸರಿ.”

ಕರಿಬಸವಯ್ಯ ಕಣ್ಣು ಕಿರಿದು ಮಾಡಿ ಗಾಜಿನಾಚೆ ನೋಡಿದ.

“ಮುಂದೆ ಒಂದು ಕಬ್ಬಿನ ಗಾಡಿ ಹೋಗ್ತಿತ್ತು. ತುಂಬಾ ಹೇರಿದ್ದರು. ಎತ್ತು ಬೆದರುತ್ತೆ ಅಂತ… ‘ನಿಧಾನಕ್ಕೆ ಹೋಗಪ್ಪ, ಹಾರನ್ ಮಾಡಬೇಡ’ ಅಂದರು. ಅಷ್ಟೇ.”

“ನೀನೇನು ಮಾಡಿದೆ?”

“ನಿಧಾನಕ್ಕೆ ಹೋದೆ ಬುದ್ಧಿ. ಹಾರನ್ ಮಾಡಲಿಲ್ಲ. ಗಾಡಿ ತೋಟದ ಕಡೆ ತಿರುಗೋವರೆಗೂ ಎರಡನೇ ಗೇರಿನಲ್ಲೇ ಹಿಂದೆ ಹಿಂದೆ ಹೋದೆ.”

ಹೇಳಿ ಮುಗಿಸಿದವನು ಹಾಗೇ ಕೂತ.

“ಕಡೇದು ಅದು ಕಣಯ್ಯ,” ಎಂದರು ಗುರುಗಳು.

ಎಷ್ಟೋ ಹೊತ್ತಾಯಿತು. ಶೆಡ್ಡಿನ ಬಾಗಿಲಿನ ಬಿಸಿಲು ಕಾರಿನ ಚಕ್ರದವರೆಗೆ ಬಂತು. ಕರಿಬಸವಯ್ಯ ಒಮ್ಮೆ ಹೆಗಲ ಟವೆಲಿನಿಂದ ಮುಖ ಒರೆಸಿಕೊಂಡ. ಆಮೇಲೆ ಅದೇ ಟವೆಲಿನಿಂದ ಎದುರಿನ ಗಾಜನ್ನು ಒಂದು ಅಂಗೈಯಗಲ ಒರೆಸಿದ. ಗೋಡೆ ಕಾಣಿಸಿತು.

“ಓಡಿಸ್ತೀಯಾ ಇದನ್ನ?” ಎಂದು ಗುರುಗಳು ಕೇಳಿದರು. “ಓಡಿಸ್ತೀನಿ ಅಂದರೆ ಸಾಬರು ಮಾಡಿಕೊಡ್ತಾರೆ. ನಾನು ಬೇಕಾದರೆ ಬಸ್ಸು ಬಿಟ್ಟು ಇದರಲ್ಲೇ ಕೂರ್ತೀನಿ.”

“ಇಲ್ಲ ಬುದ್ಧಿ.”

“ಯಾಕೆ?”

“ಸಾಕಾಗಿದೆ.”

“ನಿಲ್ಲಿಸ್ತೀಯಾ?”

ಕರಿಬಸವಯ್ಯ ಇಲ್ಲವೆಂದು ತಲೆಯಾಡಿಸಿದ.

ಖಲಂದರ್ ಸಾಬರು ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದರು. ಕಾರಿನ ಒಳಗೆ ಇಬ್ಬರೂ ಕೂತಿರುವುದನ್ನು ಕಂಡು ಅಲ್ಲೇ ನಿಂತರು.

“ಏನು ಮಾಡೋಣ ಅಯ್ಯನೋರೇ? ಹೊತ್ತಾಗ್ತಿದೆ.”

“ಬಿಚ್ಚಿ ಸಾಬ್ರೇ,” ಎಂದ ಕರಿಬಸವಯ್ಯ. “ಬೇಕಾದೋರಿಗೆ ಕೊಡಿ.”

“ಊಟಕ್ಕೆ ಮುಂಚೆ ಬೇರೆ ಮಾತಾಡಿದಿರಿ. ಚೆನ್ನಾಗಿ ಯೋಚನೆ ಮಾಡಿ ಹೇಳಿ. ಆಮೇಲೆ ನನ್ನ ಬೈಯಬೇಡಿ.”

“ಹನ್ನೊಂದು ವರ್ಷ ಯೋಚನೆ ಮಾಡಿದ್ದೀನಿ.”

“ಹಿಂದಿನ ಬಾಗಿಲು ಇದ್ದ ಹಾಗೇ ಬೇರೆ ಕಾರಿಗೆ ಹೋಗುತ್ತೆ. ಬಣ್ಣ ಮಾತ್ರ ಬದಲಾಗುತ್ತೆ. ಪರವಾಗಿಲ್ಲವಾ?”

“ಪರವಾಗಿಲ್ಲ.”

ಸಾಬರು ಗುರುಗಳ ಕಡೆ ನೋಡಿದರು. ಗುರುಗಳು ಕರಿಬಸವಯ್ಯನ ಕಡೆ ಕೈ ತೋರಿಸಿದರು. ಸಾಬರು ಕೈಮುಗಿದು, ಹಗ್ಗ ತರಲಿಕ್ಕೆ ಲಾರಿಯ ಕಡೆಗೆ ಹೋದರು.

ಕರಿಬಸವಯ್ಯ ಇಳಿಯಲಿಲ್ಲ. ಮಾತು ಕೊಟ್ಟಿದ್ದಾಗಿತ್ತು, ಆದರೂ ಕೈಗಳು ಸ್ಟೇರಿಂಗ್ ಬಿಡಲಿಲ್ಲ. ಹಗ್ಗ ಎಳೆಯುವ ಸದ್ದು ಹೊರಗೆ ಕೇಳಿಸಿತು. ಅವನು ಒಮ್ಮೆ ಬಾಗಿಲಿನ ಹಿಡಿಯನ್ನು ತಿರುಗಿಸಿ ನೋಡಿದ. ಒಳಗಿನಿಂದ ಅದು ತೆರೆಯಲಿಲ್ಲ. ಮತ್ತೊಮ್ಮೆ ತಿರುಗಿಸುವ ಶಕ್ತಿ ಇಲ್ಲದವನಂತೆ ಸುಮ್ಮನೆ ಕೂತ.

ಗುರುಗಳು ಇಳಿಯಬೇಕಾದರೆ ಡ್ರೈವರು ಮೊದಲು ಇಳಿದು ಬಂದು ಬಾಗಿಲು ತೆಗೆಯಬೇಕು. ಆಶ್ರಮದ ಪದ್ಧತಿ ಅದು.

ನಿರ್ವಾಣಸ್ವಾಮಿಗಳು ತಾವೇ ಇಳಿದರು. ಮಂಡಿ ಹಿಡಿದುಕೊಂಡು, ಕಾರಿಗೆ ಕೈಯಾನಿಸಿಕೊಂಡು, ಮುಂದಿನ ಬಾಗಿಲಿಗೆ ಬಂದರು. ಎರಡು ಸಲ ಜೋರಾಗಿ ಎಳೆದರು. ಬಾಗಿಲು ತೆರೆಯಿತು.

ಅವರು ಅದನ್ನು ಹಿಡಿದು ನಿಂತು ಹೇಳಿದರು:

“ಊರು ಬಂತಪ್ಪ. ಇಳಿ.”